ಬಿಟ್ಟುಹೋದ ವಚನ

ಸಂತ ಪೌಲರು ಎಫೆಸಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯವನ್ನು ವಿವಾಹದ ಬಲಿಪೂಜೆಗಳಲ್ಲಿ ನೀವು ಎಷ್ಟೋ ಸಲ ಕೇಳಿರುತ್ತೀರಿ. ಊಟದ ಪಂಕ್ತಿಗೆ ಕೂರುವಷ್ಟರಲ್ಲಿ ನೆನಪಿನಲ್ಲಿ ಉಳಿದಿರುವುದು ಮಾತ್ರ ಒಂದೇ: ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು. ಗಂಡಸರಿಗೆ ಅದು ಹಕ್ಕುಪತ್ರ, ಹೆಂಗಸರಿಗೆ ಹಣೆಬರಹ. ಈ ಓದು ತಪ್ಪೆಂದು ಹೇಳಲು ನಾನು ಈ ಪುಟವನ್ನು ಬಳಸುತ್ತಿದ್ದೇನೆ.

ಆ ಮಾತು ಬರುವುದು 22ನೆಯ ವಚನದಲ್ಲಿ. ಅದಕ್ಕೆ ಮುಂಚಿನ 21ನೆಯ ವಚನದಲ್ಲಿ ಪೌಲರು ವಿಶ್ವಾಸಿಗಳೆಲ್ಲರಿಗೂ, ಕ್ರಿಸ್ತರ ಮೇಲಿನ ಭಯಭಕ್ತಿಯ ನಿಮಿತ್ತ ಒಬ್ಬರಿಗೊಬ್ಬರು ಅಧೀನರಾಗಿರುವಂತೆ ಬೋಧಿಸುತ್ತಾರೆ. ಸೆಮಿನರಿಯಲ್ಲಿ ಗ್ರೀಕ್ ಮೂಲವನ್ನು ಓದುವಾಗ ನಮ್ಮನ್ನು ಬೆರಗುಗೊಳಿಸಿದ ಸಂಗತಿಯೊಂದುಂಟು. ಸುಮಾರು ಕ್ರಿ.ಶ. 200ರ ಪಪೈರಸ್ ಪ್ರತಿಯಲ್ಲಿಯೂ ನಾಲ್ಕನೆಯ ಶತಮಾನದ ವ್ಯಾಟಿಕನ್ ಹಸ್ತಪ್ರತಿಯಲ್ಲಿಯೂ 22ನೆಯ ವಚನಕ್ಕೆ ಕ್ರಿಯಾಪದವೇ ಇಲ್ಲ! ಅದನ್ನು 21ರಿಂದ ಎರವಲು ಪಡೆಯಬೇಕು. ಪರಸ್ಪರ ಅಧೀನತೆಯನ್ನು ಕತ್ತರಿಸಿ ತೆಗೆದರೆ ಹೆಂಡತಿಯ ಅಧೀನತೆಗೆ ವ್ಯಾಕರಣದ ಆಸರೆಯೂ ಉಳಿಯದು. ಇನ್ನು ಹೆಂಡತಿಯರಿಗೆ ಹೇಳಿದ್ದು ಮೂರು ವಚನಗಳಾದರೆ, 25ರಿಂದ ಮುಂದೆ ಬಹುಪಾಲು ಮಾತು ಗಂಡಂದಿರಿಗೇ. ಮನೆಯ ಯಜಮಾನನಿಗೆ ವಿಪುಲ ಅಧಿಕಾರವಿದ್ದ ರೋಮನ್ ಜಗತ್ತಿನಲ್ಲಿ, ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣವನ್ನಿತ್ತಂತೆ ನೀನೂ ನಿನ್ನನ್ನು ಕೊಟ್ಟುಕೊ ಎಂದು ಆತನಿಗೆ ಹೇಳಲಾಯಿತು. ಹೆಂಡತಿಯ ದೇಹವನ್ನು ತನ್ನ ದೇಹವೆಂದೇ ತಿಳಿಯಬೇಕಾದವನು ಅವಳ ಮೇಲೆ ಕೈಯೆತ್ತುವುದಕ್ಕೆ ಈ ಪತ್ರದಲ್ಲಿ ಆಧಾರವೆಲ್ಲಿದೆ?

ಎರಡನೆಯ ಜಾನ್ ಪೌಲರು 1988ರಲ್ಲಿ ಸ್ತ್ರೀಯ ಘನತೆಯ ಕುರಿತ ಪ್ರೇಷಿತ ಪತ್ರದಲ್ಲಿ ಈ ಅಧೀನತೆ ಪರಸ್ಪರವಾದುದೆಂದೇ ವಿವರಿಸಿದರು. ವಿಶ್ವಗುರು ಫ್ರಾನ್ಸಿಸರು 2016ರಲ್ಲಿ ಮನೆಯೊಳಗಿನ ಹಿಂಸೆಯನ್ನು ಹೇಡಿತನವೆಂದರು.

ಆದರೂ ನಮ್ಮ ಮನೆಗಳು ಬೇರೆಯೇ ಪಾಠವನ್ನು ಕಲಿತಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ಸ್ತ್ರೀಯರಲ್ಲಿ ಶೇಕಡ 44ರಷ್ಟು ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರು. ಅತ್ತೆಮಾವಂದಿರಿಗೆ ಅಗೌರವ, ಸರಿಯಾಗಿ ಅಡುಗೆ ಮಾಡದಿರುವುದು, ಹೇಳದೆ ಹೊರಗೆ ಹೋಗುವುದು – ಇಂಥ ಏಳು ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೊಡೆಯುವುದು ಸರಿ ಎಂದವರು ಪುರುಷರಲ್ಲಿ ಶೇಕಡ 82, ಸ್ತ್ರೀಯರಲ್ಲಿ 77. ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ಸಂಖ್ಯೆ. ಪೆಟ್ಟು ತಿನ್ನುವವಳೇ ಪೆಟ್ಟಿಗೆ ನ್ಯಾಯ ಹೇಳುವಂತೆ ಅವಳನ್ನು ಬೆಳೆಸಿದವರು ಯಾರು? ತಾಯಿ, ಅತ್ತೆ, ನೆರೆಹೊರೆ. ಜೊತೆಗೆ ಪ್ರಬೋಧನೆ ಮಾಡುವ ನಾವು.

ಅನೇಕ ವರ್ಷಗಳ ಹಿಂದೆ ಒಬ್ಬ ತಾಯಿ ಗುರುನಿವಾಸಕ್ಕೆ ಬಂದು, ಸೆರಗು ಸರಿಸಿ, ತೋಳಿನ ಬಾಸುಂಡೆಯನ್ನು ತೋರಿಸಿದರು. "ತಾಳ್ಮೆ ತಂದುಕೊಳ್ಳಮ್ಮ, ಇದು ನಿನ್ನ ಶಿಲುಬೆ" ಎಂದು ಹೇಳಿ ಅದೇ ಮನೆಗೆ ಕಳುಹಿಸಿಕೊಟ್ಟೆ. "ಆಗಲಿ ಸ್ವಾಮಿ" ಎಂದು ಅವರು ಹೊರಟರು. ಪ್ರಾಣಕ್ಕಾಗಲಿ ಆತ್ಮಕ್ಕಾಗಲಿ ಗಂಭೀರ ಅಪಾಯವಿದ್ದಾಗ ಬೇರೆಯಾಗಿ ಬಾಳಲು ಧರ್ಮಸಭೆಯ ಕಾನೂನಿನ 1153ನೆಯ ವಿಧಿಯೇ ಅವಕಾಶ ಕೊಡುತ್ತದೆಂದು ಆಗಲೂ ನನಗೆ ಗೊತ್ತಿತ್ತು. ಪರೀಕ್ಷೆಗೆ ಓದಿದ್ದೆ, ಆದರೆ ಆ ತಾಯಿಗೆ ಹೇಳಲಿಲ್ಲ. ಇಂದು ಅಂಥವರು ಬಂದರೆ ಅದನ್ನೂ, ವಾಸಿಸುತ್ತಿರುವ ಮನೆಯಲ್ಲೇ ಉಳಿಯುವ ಹಕ್ಕನ್ನು ಕೊಡುವ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯನ್ನೂ ಮೊದಲು ಹೇಳುತ್ತೇನೆ.

ವಿವಾಹದ ವಾಚನದಲ್ಲಿ 21ರಿಂದ 24ರವರೆಗಿನ ವಚನಗಳನ್ನು ಬಿಡುವ ಸಂಕ್ಷಿಪ್ತ ಪಾಠವೂ ನಮ್ಮ ವಾಚನಗ್ರಂಥದಲ್ಲಿದೆ. ಮುಜುಗರ ತಪ್ಪಿಸಲು ಕೆಲವು ಗುರುಗಳು ಅದನ್ನೇ ಆರಿಸಿಕೊಳ್ಳುತ್ತಾರೆ. ಅವರ ಸದುದ್ದೇಶವನ್ನು ನಾನು ಬಲ್ಲೆ. ಆದರೆ ನಾವು ಓದದೆ ಬಿಟ್ಟ ಮಾತ್ರಕ್ಕೆ ಮನೆಗಳಲ್ಲಿ ಬೇರೂರಿರುವ 22ನೆಯ ವಚನ ಅಳಿಯುವುದಿಲ್ಲ. ಅಳಿಯುವುದು 21 ಮಾತ್ರ. ಆದ್ದರಿಂದ ನಾನು ಪೂರ್ಣ ಪಾಠವನ್ನೇ ಓದಿಸುತ್ತೇನೆ, ಅದೂ ವರನ ಕಡೆಯವರಿಂದ.