ಒಂದೇ ಕೈಯ ಕೆಲಸ

ಈಗ ಕಾರಿನ ಶೋರೂಮಿಗೆ ಹೋದರೆ ಮಾರಾಟದ ಹುಡುಗ ಮೊದಲು ತೋರಿಸುವುದು ಪರದೆಯನ್ನು. ಆಮೇಲೆ ಸನ್‌ರೂಫ್, ಬಣ್ಣ ಬದಲಿಸುವ ದೀಪದ ಪಟ್ಟಿ. ಇವನ್ನೆಲ್ಲ ಆವಿಷ್ಕಾರ ಎಂದು ಕರೆದರೆ ಆ ಮಾತಿಗೆ ಅನ್ಯಾಯವಾಗುತ್ತದೆ. ಕಾರಿನ ಚರಿತ್ರೆಯಲ್ಲಿ ಆ ಹೆಸರಿಗೆ ತಕ್ಕ ವಸ್ತು ಯಾವುದೆಂದು ಕೇಳಿದರೆ ನಾನು ತೋರಿಸುವುದು ಸುಮಾರು ಎರಡು ಅಂಗುಲ ಅಗಲದ, ನೇಯ್ದ ಒಂದು ಪಟ್ಟಿಯನ್ನು.

ನಿಲ್ಸ್ ಬೋಲಿನ್ ಸ್ವೀಡನ್ನಿನ ಎಂಜಿನಿಯರ್. ಆಪತ್ತಿನಲ್ಲಿ ಪೈಲಟ್‌ನನ್ನು ಆಸನಸಮೇತ ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ವ್ಯವಸ್ಥೆಯ ಮೇಲೆ ಸಾಬ್ ಕಂಪನಿಯಲ್ಲಿ ಕೆಲಸ ಮಾಡಿ, 1958ರಲ್ಲಿ ವೋಲ್ವೊಗೆ ಬಂದರು. ಬೆಲ್ಟ್ ಆಗಲೂ ಇತ್ತು. ಸೊಂಟಕ್ಕಷ್ಟೇ ಬಿಗಿಯುವ ಬೆಲ್ಟಿನಲ್ಲಿ ಎದೆ, ತಲೆ ಮುಂದಕ್ಕೆ ಹೋಗಿ ಬಡಿಯುತ್ತಿದ್ದವು. ಇನ್ನು ಕೆಲವು ಬೆಲ್ಟುಗಳ ಬಕಲ್ ಹೊಟ್ಟೆಯ ಮೇಲೆ ಕೂರುತ್ತಿತ್ತು. ಡಿಕ್ಕಿಯಾದಾಗ ಕಾಪಾಡಬೇಕಾದದ್ದೇ ಒಳಗಿನ ಅಂಗಗಳನ್ನು ಗಾಯಗೊಳಿಸುತ್ತಿತ್ತು. ಯುದ್ಧವಿಮಾನದ ಪೈಲಟ್ ಎಷ್ಟು ಪಟ್ಟಿ ಬಿಗಿದರೂ ಸಹಿಸುತ್ತಾನೆ. ಸಂತೆಗೆ ಹೊರಟವನಿಗೆ ಆ ತಾಳ್ಮೆ ಇಲ್ಲ. ಬೋಲಿನ್ ಅವರ ದೊಡ್ಡತನ ಇರುವುದು ಈ ಎರಡನೆಯವನನ್ನು ಅರ್ಥಮಾಡಿಕೊಂಡದ್ದರಲ್ಲಿ. ಎದೆಗೆ ಅಡ್ಡಲಾಗಿ ಇಳಿದು ಸೊಂಟದ ಮೇಲೆ ಹಾಯುವ ಒಂದೇ ಪಟ್ಟಿ, ಅದಕ್ಕೆ ಮೂರು ಕಡೆ ಆಧಾರ, ಬಕಲ್ ಸೊಂಟದ ಪಕ್ಕದಲ್ಲಿ. ಪೆಟ್ಟನ್ನು ಎದೆಗೂಡು ಮತ್ತು ಸೊಂಟದ ಮೂಳೆ ಹೊರುತ್ತವೆ, ಮೆತ್ತನೆಯ ಹೊಟ್ಟೆಯಲ್ಲ. ಒಂದು ಕೈಯಲ್ಲಿ ಎಳೆದು, ಕಣ್ಣು ಹಾಯಿಸದೆ, ಸಿಕ್ಕಿಸಿದರೆ ಮುಗಿಯಿತು.

1959ರಲ್ಲಿ ಇದು ಕಾರಿಗೆ ಬಂತು. ಪೇಟೆಂಟ್ ಕೈಯಲ್ಲಿದ್ದರೂ ವೋಲ್ವೊ ಬೇರೆ ಕಂಪನಿಗಳು ಅದನ್ನು ಬಳಸಲು ಬಿಟ್ಟಿತು. ಆವಿಷ್ಕಾರದ ಅರ್ಧ ಬೆಲೆ ಈ ತೀರ್ಮಾನದಲ್ಲೇ ಇದೆ ಎಂದು ನನ್ನ ನಂಬಿಕೆ. ಮುಚ್ಚಿಟ್ಟುಕೊಂಡಿದ್ದರೆ ಅದು ಒಂದು ಕಂಪನಿಯ ಜಾಹೀರಾತಾಗಿ ಉಳಿಯುತ್ತಿತ್ತು. 1967ರಲ್ಲಿ ವೋಲ್ವೊ 28,000 ಅಪಘಾತಗಳ ಅಧ್ಯಯನವನ್ನು ಮುಂದಿಟ್ಟು ಬೆಲ್ಟ್ ಜೀವ ಉಳಿಸುತ್ತದೆಂದು ತೋರಿಸಿತು. 1970ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಅದನ್ನು ಧರಿಸುವುದು ಕಡ್ಡಾಯವೆಂದು ಕಾನೂನು ಮಾಡಿತು.

ಪರದೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು: ಒಂದು ಕೈ ಸಾಕೇ, ಕಣ್ಣು ರಸ್ತೆಯ ಮೇಲೇ ಇರಬಹುದೇ? 2022ರಲ್ಲಿ ಸ್ವೀಡನ್ನಿನ ಕಾರು ಪತ್ರಿಕೆ ವಿ ಬಿಲೆಗಾರೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ಇದನ್ನೇ ಅಳೆಯಿತು. ಸೀಟಿನ ಬಿಸಿ ಹೆಚ್ಚಿಸುವುದು, ರೇಡಿಯೊ ಹಾಕುವುದು, ಇಂಥ ನಾಲ್ಕು ಕೆಲಸ. ಗುಂಡಿಗಳಿದ್ದ 2005ರ ಹಳೆಯ ವೋಲ್ವೊದಲ್ಲಿ ಹತ್ತು ಸೆಕೆಂಡು ಸಾಕಾಯಿತು. ಪರದೆಯ ಹೊಸ ಕಾರುಗಳಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದದ್ದಕ್ಕೆ 44.6 ಸೆಕೆಂಡು, ಅಷ್ಟರಲ್ಲಿ ಆ ಕಾರು ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ಓಡಿತ್ತು. ಹದಿನೇಳು ವರ್ಷದ ಮುನ್ನಡೆ ಎಂದರೆ ಇದೇ ಏನು? ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ಅಂಕ ಕೊಡುವಾಗ ಇಂಡಿಕೇಟರ್, ಹಾರ್ನ್, ವೈಪರುಗಳಿಗೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇದೆಯೇ ಎಂದೂ ನೋಡುತ್ತದೆ. ಕಳೆದುಕೊಂಡದ್ದನ್ನು ನಿಯಮ ಮಾಡಿ ವಾಪಸು ಪಡೆಯಬೇಕಾಗಿದೆ.

ನಮ್ಮಲ್ಲಿ ಕಥೆ ಇನ್ನೂ ನೋವಿನದು. ಬೆಲ್ಟ್ ಹಾಕದಿದ್ದರೂ ಬೀಪ್ ಸದ್ದು ಬಾರದಂತೆ ಬಕಲಿಗೆ ಸಿಕ್ಕಿಸುವ ಕ್ಲಿಪ್ಪುಗಳು ಆನ್‌ಲೈನಿನಲ್ಲಿ ರಾಜಾರೋಷವಾಗಿ ಬಿಕರಿಯಾಗುತ್ತಿದ್ದವು. ಅವನ್ನು ತೆಗೆದುಹಾಕಿ ಎಂದು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಐದು ಕಂಪನಿಗಳಿಗೆ ಆದೇಶಿಸಬೇಕಾಯಿತು.

ಹಾಗೆಂದು ಬೋಲಿನ್ ಅವರ ಬೆಲ್ಟಿನಲ್ಲಿ ಕೊರತೆ ಇಲ್ಲವೆಂದಲ್ಲ. ದಶಕಗಳ ಕಾಲ ಡಿಕ್ಕಿ ಪರೀಕ್ಷೆಯಲ್ಲಿ ಮುಖ್ಯವಾಗಿ ಕೂತದ್ದು ಸರಾಸರಿ ಗಂಡಸಿನ ಅಳತೆಯ ಬೊಂಬೆ. 2022ರಲ್ಲಿ, ಮತ್ತೆ ಸ್ವೀಡನ್ನಿನಲ್ಲೇ, ಆಸ್ಟ್ರಿಡ್ ಲಿಂಡರ್ ಅವರ ತಂಡ ಸರಾಸರಿ ಹೆಂಗಸಿನ ಅಳತೆಯ ಬೊಂಬೆಯನ್ನು ಮುಂದಿಟ್ಟಿತು: 162 ಸೆಂ.ಮೀ. ಎತ್ತರ, 62 ಕೆ.ಜಿ. ತೂಕ. ಹಿಂದಿನಿಂದ ಗುದ್ದಿದಾಗ ಹೆಂಗಸರ ಕುತ್ತಿಗೆಗೆ ಏನಾಗುತ್ತದೆಂದು ಅದು ಹೇಳಬಲ್ಲದು. ಯಾವ ಶೋರೂಮಿನಲ್ಲೂ ತೋರಿಸದ ಈ ಬೊಂಬೆಯನ್ನು ನಾನು ಬೆಲ್ಟಿನ ಪಕ್ಕದಲ್ಲೇ ಇಡುತ್ತೇನೆ. ನನ್ನ ಅಮ್ಮ ಐದಡಿಗೂ ಕಡಿಮೆ. ಮುಂದಿನ ಸೀಟಿನಲ್ಲಿ ಕೂತಾಗಲೆಲ್ಲ ಬೆಲ್ಟ್ ಅವಳ ಕುತ್ತಿಗೆ ಒತ್ತುತ್ತದೆ. ಊರು ಮುಟ್ಟುವ ತನಕ ಒಂದು ಕೈಯಲ್ಲಿ ಅದನ್ನು ಹಿಡಿದೆಳೆದುಕೊಂಡೇ ಕೂತಿರುತ್ತಾಳೆ.