'ದುರ್ಗಾಸ್ತಮಾನ': ಮಾಲಿಕೆಯ ಮುಕ್ತಾಯ ಮತ್ತು ಓದುಗನ ವಿಷಾದ

ಐತಿಹಾಸಿಕ ಕಾದಂಬರಿಯ ಅಂತ್ಯ ಓದುಗನಿಗೆ ಮೊದಲೇ ತಿಳಿದಿರುತ್ತದೆ. ಆದರೂ ತ.ರಾ.ಸು. (1920–1984) ಅವರ ಚಿತ್ರದುರ್ಗದ ಕಾದಂಬರಿಮಾಲಿಕೆಯ ಕೊನೆಯನ್ನು ತಲುಪಿದ ಓದುಗನ ವಿಷಾದ ಅನಿರೀಕ್ಷಿತ ಆಘಾತದಷ್ಟೇ ತೀವ್ರವಾದುದು. ಇದರ ಕಾರಣವನ್ನು ಮದಕರಿನಾಯಕನ ದುರಂತದಲ್ಲಿ ಮಾತ್ರ ಹುಡುಕಿದರೆ ಸಾಲದು. ಎಂಟು ಕಾದಂಬರಿಗಳ ಒಟ್ಟು ರಚನೆಯಲ್ಲಿಯೇ ಅದನ್ನು ಅರಸಬೇಕಾಗುತ್ತದೆ.

'ಕಂಬನಿಯ ಕುಯಿಲು', 'ರಕ್ತರಾತ್ರಿ' ಮತ್ತು 'ತಿರುಗುಬಾಣ'ಗಳಲ್ಲಿ ಅರಮನೆಯ ಒಳಸಂಚು, ದಳವಾಯಿ ಮುದ್ದಣ್ಣನ ಅಧಿಕಾರಲಾಲಸೆ, ರಕ್ತಪಾತಗಳು ಪ್ರಧಾನವಾಗಿವೆ. ಅನಂತರ ಬರುವ ಕಾದಂಬರಿಯ ಹೆಸರು 'ಹೊಸಹಗಲು' ಎಂಬುದು ಗಮನಾರ್ಹ. ಇರುಳಿನ ಬೆನ್ನಿಗೆ ಹಗಲು, ಒಬ್ಬ ನಾಯಕ ಅಳಿದರೆ ಪಟ್ಟಕ್ಕೆ ಮತ್ತೊಬ್ಬ: ಈ ಲಯವನ್ನು ಮಾಲಿಕೆಯೇ ಓದುಗನಿಗೆ ರೂಢಿಸುತ್ತದೆ. 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ'ಗಳನ್ನು ದಾಟುವಷ್ಟರಲ್ಲಿ ಅವನ ಮಮತೆ ಯಾವುದೇ ಒಬ್ಬ ನಾಯಕನಲ್ಲಿ ನಿಲ್ಲದೆ, ಎಲ್ಲರನ್ನೂ ಮೀರಿ ಉಳಿಯುವ ದುರ್ಗದಲ್ಲಿ ನೆಲೆಗೊಂಡಿರುತ್ತದೆ.

1982ರಲ್ಲಿ ಪ್ರಕಟವಾದ 'ದುರ್ಗಾಸ್ತಮಾನ' ಒಡೆಯುವುದು ಈ ಲಯವನ್ನೇ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಮದಕರಿನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾದ. ಅವನ ಬಳಿಕ ಪಟ್ಟವೇರುವವರಿಲ್ಲ. ಅಸ್ತಮಾನದ ಮರುದಿನ ಉದಯವಿದೆಯೆಂಬ ನಿಸರ್ಗದ ಭರವಸೆಯನ್ನು ಶೀರ್ಷಿಕೆ ನೆನಪಿಸುತ್ತದೆ. ಇತಿಹಾಸ ಅದನ್ನು ನಿರಾಕರಿಸುತ್ತದೆ. ಓದುಗ ಕಳೆದುಕೊಳ್ಳುವುದು ಬರಿಯ ಕಥಾನಾಯಕನನ್ನಲ್ಲ, ಮುಂದಿನ ಸಂಪುಟವೊಂದು ಇದ್ದೇ ಇರುತ್ತದೆ ಎಂಬ ನಂಬಿಕೆಯನ್ನು.

ಇಂತಹ ವಿಷಾದಕ್ಕೆ ಅಪಾಯವೂ ಉಂಟು. ಅದು ಗತವೈಭವದ ಹಂಬಲವಾಗಿ ಮಾರ್ಪಟ್ಟರೆ, ಪತನದ ಹೊಣೆಯೆಲ್ಲ ಹೊರಗಿನ ಶತ್ರುವಿನ ಮೇಲೆ ಬೀಳುತ್ತದೆ. ಈ ಆಕ್ಷೇಪಕ್ಕೆ ಉತ್ತರ ಕೊನೆಯ ಸಂಪುಟಕ್ಕಿಂತ ಮೊದಲ ಮೂರರಲ್ಲಿಯೇ ಹೆಚ್ಚು ಸ್ಪಷ್ಟವಾಗಿದೆ. ಅಲ್ಲಿ ಕೋಟೆಗೆ ಹೊರಗಿನಿಂದ ಯಾರೂ ಲಗ್ಗೆಯಿಡಬೇಕಾಗಿಲ್ಲ. ಸಿಂಹಾಸನದ ಸುತ್ತಲಿನವರೇ ಅದನ್ನು ಶಿಥಿಲಗೊಳಿಸುತ್ತಾರೆ. ಕೊನೆಯನ್ನು ಕಂಡು ಮತ್ತೆ ಮೊದಲಿಗೆ ಮರಳಿದ ಓದುಗನಿಗೆ, ಆಗ ಅರಮನೆಯ ಜಗಳವಾಗಿ ಮಾತ್ರ ತೋರಿದ್ದು ಈಗ ಗೋಡೆಯ ಮೊದಲ ಬಿರುಕಾಗಿ ಕಾಣುತ್ತದೆ.

'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದದ್ದು 1985ರಲ್ಲಿ, ಲೇಖಕರ ಮರಣಾನಂತರ. ದುರ್ಗಕ್ಕೆ ಮತ್ತೊಬ್ಬ ನಾಯಕ ಬರಲಿಲ್ಲ. ಮಾಲಿಕೆಗೂ ಮುಂದಿನ ಸಂಪುಟ ಬರಲಿಲ್ಲ. ಓದುಗನಿಗೆ ಉಳಿದದ್ದು ಮರು ಓದೊಂದೇ. ಅಲ್ಲಿ ವಿಷಾದ ವಿವೇಕವಾಗಿ ಮಾಗುತ್ತದೆ ಎಂಬುದೇ ಈ ಮಾಲಿಕೆಯ ನಿಜವಾದ ಸಿದ್ಧಿ.