ಈಷಿಂಗಿನ ಚಹದ ಗಿಂಡಿಗಳಲ್ಲಿ ಲಿಪ್ಯಲಂಕಾರ

ಚೀನದೇಶದ ಜಿಯಾಂಗ್‌ಸು ಪ್ರಾಂತದಲ್ಲಿ, ತಾಯ್ ಸರೋವರಕ್ಕೆ ಪಶ್ಚಿಮದಲ್ಲಿರುವ ಈಷಿಂಗಿನ ಚಹದ ಗಿಂಡಿಗಳನ್ನು ವರ್ಣಿಸುವವರು ಸಾಮಾನ್ಯವಾಗಿ ಅವುಗಳ ಊದಾಮಣ್ಣನ್ನೂ ಆಕಾರಸೌಷ್ಠವವನ್ನೂ ಹೊಗಳಿ, ಮೈಮೇಲಣ ಲಿಪಿಯನ್ನು ಕೇವಲ ಅಲಂಕಾರವೆಂದೆಣಿಸಿ ಮುಂದೆ ಸಾಗುವರು. ಈ ಲಿಪಿಯು ಪಾತ್ರೆಗೆ ತೊಡಿಸಿದ ಒಡವೆಯೋ, ಅದರ ಅರ್ಥಕ್ಕೇ ಸೇರಿದ ಅಂಗವೋ ಎಂಬುದು ವಿಚಾರಾರ್ಹವಾಗಿದೆ.

ಈ ಗಿಂಡಿಗಳನ್ನು ಸಂಪ್ರದಾಯದಂತೆ ತಿಗರಿಯ ಮೇಲೆ ಎತ್ತುವುದಿಲ್ಲ. ಮಣ್ಣನ್ನು ಹಲಗೆಯಂತೆ ಬಡಿದು, ಸುತ್ತಿ, ಜೋಡಿಸುವರು. ಗಾಜಿನ ಮೆರುಗನ್ನು ಹಚ್ಚದೆಯೇ ಸುಡುವುದರಿಂದ, ಅರೆಯೊಣಗಿದ ಮೈಯಲ್ಲಿ ಕೊರೆದ ಗೆರೆಯು ಮುಚ್ಚಿಹೋಗದೆ ಉಳಿಯುವುದು. ಆವಿಗೆಗೆ ಹೋದ ಮೇಲೆ ಅದನ್ನು ತಿದ್ದುವಂತಿಲ್ಲ. ಚಿಂಗ್ ಅರಸರ ಆಸ್ಥಾನಕ್ಕಾಗಿ ಇಂತಹ ಗಿಂಡಿಗಳ ಮೇಲೆ ಎನಾಮಲ್ ಬಣ್ಣಗಳಿಂದ ಹೂಗಳನ್ನು ಬರೆದುದೂ ಉಂಟು. ಅವು ಬೆಡಗಿನವೇ ಸರಿ. ಆದರೆ ಮಣ್ಣೇ ಮರೆಯಾಗುವುದಾದರೆ ಈಷಿಂಗಿನ ಮಣ್ಣೇ ಏಕೆ ಬೇಕಾಗಿತ್ತೋ ತಿಳಿಯದು.

ಲಿಪಿಗೂ ರೂಪಕ್ಕೂ ನಿಜವಾದ ಸಂಬಂಧವನ್ನು ಕಲ್ಪಿಸಿದವನು, ಮಾನ್‌ಷೆಂಗ್ ಎಂಬ ಉಪನಾಮದ ಚೆನ್ ಹೊಂಗ್‌ಷೌ (೧೭೬೮–೧೮೨೨). ಕವಿಯೂ ಮುದ್ರೆಗಳನ್ನು ಕೊರೆಯುವುದರಲ್ಲಿ ಪ್ರಸಿದ್ಧನೂ ಆದ ಈತನು ಈಷಿಂಗಿನ ನೆರೆಯ ಲೀಯಾಂಗಿನಲ್ಲಿ ಅಧಿಕಾರಿಯಾಗಿದ್ದನು. ಯಾಂಗ್ ಪೆಂಗ್‌ನ್ಯೆನ್ ಎಂಬ ಕುಂಬಾರನು ಗಿಂಡಿಗಳನ್ನು ರಚಿಸಲು, ಈತನೂ ಈತನ ಮಿತ್ರರೂ ಅವುಗಳ ಮೇಲೆ ಬರೆದು ಕೊರೆದರು. ಲೀಯಾಂಗಿನ ಬೌದ್ಧವಿಹಾರವೊಂದರ ಬಾವಿಗೆ ಕಲ್ಲಿನ ಕಟ್ಟೆಯಿದ್ದು, ಅದರಲ್ಲಿ ತಾಂಗ್ ಕಾಲದ, ಕ್ರಿ. ಶ. ೮೧೧ರ ಶಾಸನವಿತ್ತು. ಮಾನ್‌ಷೆಂಗನು ಆ ಬಾವಿಕಟ್ಟೆಯ ಆಕಾರದಲ್ಲಿಯೇ ಗಿಂಡಿಯನ್ನು ಮಾಡಿಸಿ, ಅದರ ಸುತ್ತಲೂ ಆ ಶಾಸನವನ್ನೇ ಬರೆಯಿಸಿದನು. ನೀರಿಗೆ ಕಾವಲಾಗಿದ್ದ ಕಲ್ಲಿನ ಮಾತು ನೀರನ್ನು ತುಂಬಿಕೊಳ್ಳುವ ಮಣ್ಣಿಗೆ ಇಳಿದುಬಂದಿದೆ. ಈ ಲಿಪಿಯನ್ನು ಅಳಿಸಿದರೆ ಉಳಿಯುವುದು ಗಿಡ್ಡನೆಯ ಒಂದು ಪಾತ್ರೆ; ಬೇರೊಂದು ಗಿಂಡಿಯ ಮೇಲೆ ಬರೆದರೆ ಶಾಸನವು ಅನಾಥವಾಗುವುದು. ಅಲಂಕಾರವು ಅಲಂಕಾರ್ಯದಿಂದ ಬೇರ್ಪಡದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

ಆದರೂ ಈ ಮಾರ್ಗದಲ್ಲಿ ದೋಷವಿಲ್ಲದಿಲ್ಲ. ಅನುಕರಿಸಿದವರ ಕೈಯಲ್ಲಿ ಗಿಂಡಿಯು ಅನೇಕವೇಳೆ ಬರೆಯುವ ಹಲಗೆಯಾಗಿ, ಪದ್ಯಕ್ಕೂ ಪಾತ್ರೆಗೂ ಯಾವ ನಂಟೂ ಇಲ್ಲದಾಯಿತು. ಮತ್ತೊಂದು ಅನ್ಯಾಯವು ಹೆಸರಿನದು. ಇಂತಹ ಗಿಂಡಿಗಳ ತಳದಲ್ಲಿ ಮಾನ್‌ಷೆಂಗನ ಅಧ್ಯಯನಮಂದಿರದ ದೊಡ್ಡ ಮುದ್ರೆಯೂ, ಹಿಡಿಯ ಕೆಳಗೆ ಪೆಂಗ್‌ನ್ಯೆನನ ಕಿರುಮುದ್ರೆಯೂ ಇರುವುದು ವಾಡಿಕೆ. ಲೋಕವು ಇವನ್ನು ‘ಮಾನ್‌ಷೆಂಗ್ ಗಿಂಡಿ’ಗಳೆಂದೇ ಕರೆದಿದೆ. ಲಿಪಿಯನ್ನು ಓದಬಲ್ಲವರು ಹೆಸರಿಟ್ಟುದರಿಂದ ಹೀಗಾಗಿರಬಹುದು. ಮೂತಿಯಿಂದ ಚಹವು ತೊಟ್ಟಿಕ್ಕದೆ ಧಾರೆಯಾಗಿ ಬೀಳುವುದೂ ಮುಚ್ಚಳವು ಬಾಯಿಗೆ ಬಿಗಿಯಾಗಿ ಕೂಡುವುದೂ ಪೆಂಗ್‌ನ್ಯೆನನ ಕೈಯ ಕೆಲಸ.